ಜೋಳ ಬಂತು, ಸುಣ್ಣ ಬರಲಿಲ್ಲ

ಮಲ್ಪೆ ಕಡಲತೀರದಲ್ಲಿ ಕೆಂಡದ ಮೇಲೆ ಸುಟ್ಟು, ಉಪ್ಪು ಖಾರದಲ್ಲಿ ಅದ್ದಿದ ನಿಂಬೆ ಹೋಳನ್ನು ತಿಕ್ಕಿ ಕೊಡುವ ಮೆಕ್ಕೆಜೋಳವನ್ನು ಬಾಯಿಚಪಲದ ತಿಂಡಿ ಎಂದು ಮೂಗು ಮುರಿಯುವವರೇ ಬೆಳಿಗ್ಗೆ ಮಕ್ಕಳಿಗೆ ಹಾಲಿನಲ್ಲಿ ಕಾರ್ನ್‌ಫ್ಲೇಕ್ಸ್ ನೆನೆಸಿ ಕೊಡುತ್ತಾರೆ. ಲೆಕ್ಕ ತಿರುಗುಮುರುಗಾಗಿದೆ. ಕಾರ್ನ್‌ಫ್ಲೇಕ್ಸ್‌ಗೆ ಹೋಗುವ ಮೆಕ್ಕೆಜೋಳದ ಸಿಪ್ಪೆಯನ್ನೂ ಮೊಳಕೆಯನ್ನೂ (ಕಾಳಿನೊಳಗೆ ಗಿಡವಾಗಿ ಮೊಳೆಯುವ ಭಾಗ) ಸಾಮಾನ್ಯವಾಗಿ ಮೊದಲೇ ತೆಗೆದಿರುತ್ತಾರೆ. ಹೋದ ಜೀವಸತ್ವಗಳಲ್ಲಿ ಕೆಲವನ್ನು ಆಮೇಲೆ ಬೆರೆಸುತ್ತಾರೆ. ಗೋಬಿ ಮಂಚೂರಿಯ ಕಾರ್ನ್‌ಫ್ಲೋರ್ ಅಂತೂ ಬರಿಯ ಪಿಷ್ಟ. ಪಾಪ್‌ಕಾರ್ನ್ ಮಾತ್ರ, ಬೆಣ್ಣೆ ಸುರಿಯದಿದ್ದರೆ, ಅಪ್ಪಟ ಇಡಿಧಾನ್ಯ.

ಈ ಮೊಳಕೆಯ ಭಾಗ ಇಡೀ ಕಾಳಿನ ತೂಕದ ಹತ್ತನೆಯ ಒಂದು ಪಾಲಿನಷ್ಟು. ಎಣ್ಣೆಯ ಬಹುಭಾಗ ಇರುವುದು ಅಲ್ಲೇ. ಎಣ್ಣೆ ಉಳಿದ ಹಿಟ್ಟು ಬೇಗ ಕಮಟು ವಾಸನೆ ಹಿಡಿಯುತ್ತದೆ, ವ್ಯಾಪಾರಿಗೆ ಅದು ಬೇಡ. ಹಳದಿ ಬಣ್ಣ ಕೊಡುವ ಲ್ಯೂಟಿನ್, ಝಿಯಾಝಾಂತಿನ್‌ಗಳು ನಮ್ಮ ಅಕ್ಷಿಪಟಲದಲ್ಲಿಯೂ ಇವೆ. 100 ಗ್ರಾಂ ಒಣ ಕಾಳಿನಲ್ಲಿ ಸುಮಾರು 9 ಗ್ರಾಂ ಪ್ರೋಟೀನ್, 7 ಗ್ರಾಂ ನಾರು.

ಇಷ್ಟೆಲ್ಲ ಇದ್ದೂ ಇಡೀ ಕಾಳನ್ನೇ ನೆಚ್ಚಿಕೊಂಡವರು ಕಾಯಿಲೆ ಬಿದ್ದಿದ್ದಾರೆ. ಜೋಳದ ನಯಾಸಿನ್, ಅಂದರೆ ಬಿ3 ಜೀವಸತ್ವ, ನಾರಿನಂಥ ದೊಡ್ಡ ಅಣುಗಳಿಗೆ ಬಿಗಿದುಕೊಂಡಿರುತ್ತದೆ. ದೇವಸ್ಥಾನದ ಹುಂಡಿಯ ನಾಣ್ಯದಂತೆ: ಇರುವುದು ಖಾತ್ರಿ, ಕೈಗೆ ಸಿಗುವುದಿಲ್ಲ. ನಯಾಸಿನ್ ತಯಾರಿಸಿಕೊಳ್ಳಲು ದೇಹಕ್ಕೆ ಬೇಕಾದ ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲ (ಪ್ರೋಟೀನಿನ ಒಂದು ಘಟಕ) ಕೂಡ ಈ ಧಾನ್ಯದಲ್ಲಿ ಕಡಿಮೆ. ಮೆಕ್ಸಿಕೋದ ಹೆಂಗಸರು ಶತಮಾನಗಳಿಂದ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಯಲು ಬಿಟ್ಟು, ತೊಳೆದು ಅರೆದು ರೊಟ್ಟಿ ತಟ್ಟುತ್ತಾ ಬಂದವರು. ಕ್ಷಾರಕ್ಕೆ ಆ ಬಿಗಿ ಸಡಿಲುತ್ತದೆ, ಜತೆಗೆ ಕ್ಯಾಲ್ಸಿಯಂ ಸೇರುತ್ತದೆ. ಕೊಲಂಬಸನ ಬೆನ್ನಿಗೆ ಯುರೋಪಿಗೆ ಹಡಗು ಹತ್ತಿದ್ದು ಜೋಳ ಮಾತ್ರ. ಸುಣ್ಣದ ವಿದ್ಯೆ ಅಲ್ಲೇ ಉಳಿಯಿತು.

1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್, ಜೋಳ ತಿಂದು ಬದುಕುವ ಬಡ ರೈತರ ಚರ್ಮ ಕೆಂಪಾಗಿ ಸಿಪ್ಪೆ ಏಳುವುದನ್ನು ಗಮನಿಸಿದ. ಅದೇ ಪೆಲಾಗ್ರ. ಅಮೆರಿಕದಲ್ಲಿ ಇದು ಅಂಟುರೋಗ ಎಂದು ದೊಡ್ಡ ದೊಡ್ಡ ವೈದ್ಯರೇ ಹಟ ಹಿಡಿದಿದ್ದರು. ಅಲ್ಲಿನ ಸರ್ಕಾರಿ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ 1915ರಲ್ಲಿ ಮಿಸಿಸಿಪಿಯ ಕೈದಿಗಳಿಗೆ ಬಿಡುಗಡೆಯ ಭರವಸೆ ಕೊಡಿಸಿ, ಹೆಚ್ಚಾಗಿ ಜೋಳವೇ ಇದ್ದ ಊಟ ಹಾಕಿಸಿದ. ತಿಂಗಳುಗಳಲ್ಲೇ ಹಲವರ ಮೈಮೇಲೆ ಲಕ್ಷಣಗಳು ಕಾಣಿಸಿದವು. ಅಷ್ಟಕ್ಕೂ ನಂಬದವರಿಗಾಗಿ ಮರುವರ್ಷ ರೋಗಿಗಳ ರಕ್ತವನ್ನು ತನಗೇ ಚುಚ್ಚಿಸಿಕೊಂಡ. ಏನೂ ಆಗಲಿಲ್ಲ. ಕೊರತೆ ನಯಾಸಿನ್‌ನದು ಎಂದು ತಿಳಿಯಲು 1937 ಬರಬೇಕಾಯಿತು.

ನಮ್ಮ ಕರಾವಳಿಯಲ್ಲಾದರೋ ಇಂಥದ್ದೇ ಇನ್ನೊಂದು ಜಾಣತನ ದಿನಾ ಬಟ್ಟಲಿಗೆ ಬೀಳುತ್ತದೆ. ಭತ್ತವನ್ನು ಹೊಟ್ಟಿನ ಸಮೇತ ಬೇಯಿಸುವಾಗ ತೌಡಿನ ಬಿ ಜೀವಸತ್ವಗಳು ಒಳಗಿಳಿದು ಕುಚ್ಚಲಕ್ಕಿಯಲ್ಲಿ ಉಳಿಯುತ್ತವೆ. ಅದರ ಗಂಜಿಯ ಜತೆ ಮೀನೋ ಹೆಸರುಕಾಳೋ ಇರುವ ಮನೆಯವರು, ಸುಟ್ಟ ಜೋಳ ತಿಂದರೆ ಪೆಲಾಗ್ರ ಬಂದೀತೆಂದು ಹೆದರಬೇಕಿಲ್ಲ. ವೀಳ್ಯದ ಸುಣ್ಣದ ಡಬ್ಬಿಯನ್ನು ಅಡುಗೆಮನೆಗೆ ಒಯ್ಯುವುದೂ ಬೇಡ. ಜೋಳದಲ್ಲಿ ನಿಜಕ್ಕೂ ಕಡಿಮೆ ಇರುವ ಇನ್ನೊಂದು ವಸ್ತು ಲೈಸಿನ್ ಎಂಬ ಅಮೈನೋ ಆಮ್ಲ. ಇಡೀ ಕಾಳನ್ನು ಮಿಲ್ಲಿನಲ್ಲಿ ಬೀಸಿಸಿ, ದೋಸೆಗೆ ಉದ್ದಿನ ಜತೆ ಕಲಸಿದರೆ ಅದೂ ಬಹುಮಟ್ಟಿಗೆ ತುಂಬುತ್ತದೆ.