ಗುಮಾಸ್ತರ ತಲೆಯಲ್ಲಿದ್ದ ಬಂಡವಾಳ

ಐಟಿ ಪ್ರಾಜೆಕ್ಟ್ ಕೆಟ್ಟಿತು ಅಂದ ಕೂಡಲೇ ನಮ್ಮ ಜನ ಮೊದಲು ಸರ್ವರ್‌ಗೆ ಬೈಯುತ್ತಾರೆ, ಆಮೇಲೆ ನೆಟ್‌ವರ್ಕ್‌ಗೆ. ಶಿರಸಿಯ ಮಳೆಗಾಲದಲ್ಲಿ ನೆಟ್‌ವರ್ಕಿಗೆ ಬೈಗುಳ ಸಲ್ಲಲೇಬೇಕು, ಅದು ಬೇರೆ ಮಾತು. ಆದರೆ ಕರೆಂಟು, ಕಂಪ್ಯೂಟರು, ದುಡ್ಡು ಎಲ್ಲ ಸರಿ ಇದ್ದೂ ಎಷ್ಟೋ ಪ್ರಾಜೆಕ್ಟ್ ಮಗುಚಿ ಬೀಳುತ್ತವಲ್ಲ, ಅದು ಯಾಕೆ?

ಈ ಕಡೆಯ ಸಣ್ಣ ಅಡಿಕೆ ಸೊಸೈಟಿಯೊಂದರ ಲೆಕ್ಕಪತ್ರ ಕಂಪ್ಯೂಟರಿಗೆ ಏರಿದ್ದನ್ನು ಹತ್ತಿರದಿಂದ ನೋಡಿದ್ದೇನೆ. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಅಂತ ಅಡಿಕೆಯ ಬಗೆಬಗೆಯ ದರದ ಪಟ್ಟಿ ಕೂರಿಸುವುದು ಬೆಂಗಳೂರಿನ ಹುಡುಗರಿಗೆ ಸಲೀಸು. ತೊಡಕು ಬಂದಿದ್ದು ಹೆಸರಿನಲ್ಲಿ. ಒಂದೇ ಊರಲ್ಲಿ ಮೂವರು ಗಣಪತಿ ಹೆಗಡೆಯವರು. ಇನ್ನೊಂದು ಕಡೆ ಅಪ್ಪ ತೀರಿಕೊಂಡು, ಅಣ್ಣ-ತಮ್ಮ ಹಿಸೆಯಾಗಿದ್ದರೂ ಖಾತೆ ಅಪ್ಪನ ಹೆಸರಲ್ಲೇ ಇದೆ. ಮೂಟೆ ಯಾರ ಮನೆಯಿಂದ ಬಂತು, ದುಡ್ಡು ಯಾರಿಗೆ ಹೋಗಬೇಕು ಅನ್ನುವುದು ಹಳೇ ಗುಮಾಸ್ತರಿಗೆ ಮಾತ್ರ ಗೊತ್ತು. ಅವರು ನಿವೃತ್ತರಾದ ಮೇಲೆ ಸಾಫ್ಟ್‌ವೇರ್ ಚಾಲೂ ಆಯಿತು. ತಮ್ಮನ ಅಡಿಕೆ ಹಣ ಅಣ್ಣನ ಸಾಲಕ್ಕೆ ಜಮಾ! ಹುಡುಕಿದರೆ ಕೋಡಿನಲ್ಲಿ ಒಂದೂ ತಪ್ಪಿಲ್ಲ.

ಸಂಸ್ಥೆಯ ಕೆಲಸ ನಡೆಸುವ ಇಂಥ ತಿಳಿವಳಿಕೆಗೇ ಬೌದ್ಧಿಕ ಬಂಡವಾಳ ಅನ್ನುವುದು. ಸ್ವೀಡನ್ನಿನ ಸ್ಕಾಂಡಿಯಾ ಎಂಬ ವಿಮಾ ಕಂಪನಿ 1990ರ ದಶಕದಲ್ಲೇ ತನ್ನ ವಾರ್ಷಿಕ ವರದಿಯ ಜೊತೆಗೆ ಇದನ್ನೂ ಲೆಕ್ಕಕ್ಕೆ ತಂದಿತ್ತು. ಜನರ ತಲೆಯಲ್ಲಿರುವುದು, ಕಡತ-ಕೋಡು-ಪದ್ಧತಿಗಳಲ್ಲಿರುವುದು, ಗಿರಾಕಿಗಳ ಜೊತೆಗಿನ ನಂಟಿನಲ್ಲಿರುವುದು ಅಂತ ಮೂರು ಪಾಲು ಮಾಡುತ್ತಾರೆ. ಮೊದಲನೆಯದು ಸಂಜೆ ಬಸ್ಸು ಹತ್ತಿ ಮನೆಗೆ ಹೋಗುತ್ತದೆ.

ಬರೆದಿಟ್ಟರೆ ಮುಗಿಯಿತಲ್ವಾ? ಇಲ್ಲೇ ಮಜಾ ಇರುವುದು. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲಿ ಸುಮಾರು 40 ಸೆಕೆಂಡಿಗೇ ಚೂರಾಯಿತು. ಅದರ ದಿಕ್ಕು-ದಾರಿ ಲೆಕ್ಕ ಹಾಕುವ ಕೋಡ್ ಏರಿಯಾನ್ 4ರದ್ದು, ಚೆನ್ನಾಗಿ ಪಳಗಿದ್ದು. 64 ಬಿಟ್ಟಿನ ಸಂಖ್ಯೆಯೊಂದು 16 ಬಿಟ್ಟಿನ ಜಾಗದಲ್ಲಿ ಹಿಡಿಸಲಿಲ್ಲ. ಒಂದು ಕೆಟ್ಟರೆ ಇನ್ನೊಂದಿರಲಿ ಅಂತ ಇಟ್ಟ ಎರಡು ಕಂಪ್ಯೂಟರಿನಲ್ಲೂ ಅದೇ ಕೋಡ್, ಎರಡೂ ಕೈಚೆಲ್ಲಿದವು. ಇಂಥ ಅಪಾಯವಿದ್ದ 7 ಸಂಖ್ಯೆಗಳಲ್ಲಿ 4ಕ್ಕೆ ಕಾವಲು ಹಾಕಿ 3ನ್ನು ಬೇಕಂತಲೇ ಬಿಟ್ಟಿದ್ದರು. ಕಾರಣವೂ ಇತ್ತು: ಕಂಪ್ಯೂಟರಿನ ಹೊರೆ ಶೇ. 80 ದಾಟಬಾರದಿತ್ತು, ಏರಿಯಾನ್ 4 ಹೋಗುವ ದಾರಿಯಲ್ಲಿ ಈ ಸಂಖ್ಯೆ ಅಷ್ಟು ಬೆಳೆಯುವ ಸಂಭವವೇ ಇರಲಿಲ್ಲ. ಏರಿಯಾನ್ 5ಕ್ಕೆ ಅಡ್ಡ ವೇಗ ಜಾಸ್ತಿ, ಅದಕ್ಕೇ ಆ ಸಂಖ್ಯೆಯೂ ಮಿತಿ ಮೀರಿತು. ತನಿಖೆಯವರು ನೋಡಿದರೆ, ಆ 3ನ್ನು ಯಾಕೆ ಬಿಟ್ಟರು ಅನ್ನುವುದು ಕೋಡಿನಲ್ಲಿ ಎಲ್ಲೂ ಇಲ್ಲ, ಕಡತಗಳ ರಾಶಿಯಲ್ಲಿ ಹೂತುಹೋಗಿದೆ. ಕೋಡ್ ಹೊಸ ರಾಕೆಟ್ ಹತ್ತಿತ್ತು, ಕಾರಣ ಹತ್ತಿರಲಿಲ್ಲ.

ಇನ್ನು ತಡವಾದರೆ ನಾಲ್ಕು ಜನ ಜಾಸ್ತಿ ಹಾಕಿ ಅನ್ನುವ ಚಟ. ಐಬಿಎಂ ಕಂಪನಿಯಲ್ಲಿ ಓಎಸ್/360 ಎಂಬ ಆಪರೇಟಿಂಗ್ ಸಿಸ್ಟಮ್ ಮಾಡಿಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಹೇಳಿದ್ದರು, ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಇನ್ನೂ ತಡ ಅಂತ. 5 ಜನರಿದ್ದರೆ ಮಾತಾಡಬೇಕಾದ ಜೋಡಿ 10, 10 ಜನರಾದರೆ 45. ಹೊಸಬರಿಗೆ ಹೇಳಿಕೊಡುವವರೂ ಹಳಬರೇ, ಅದೂ ಇದ್ದ ಕೆಲಸ ಬಿಟ್ಟು.

ಸೊಸೈಟಿಯವರು ಕೊನೆಗೆ ಗುಮಾಸ್ತರನ್ನೇ ಕರೆಸಿದರು. "ಕೇಳಿದ್ರೆ ಹೇಳ್ತಿದ್ನಲಾ ತಮಾ" ಅಂದರು ಅವರು, ಬೇಜಾರಿಲ್ಲದೆ. ಪ್ರೋಗ್ರಾಮರ್ ಹುಡುಗನನ್ನು ಪಕ್ಕ ಕೂರಿಸಿಕೊಂಡು ಒಂದೊಂದೇ ಖಾತೆ ಬಿಡಿಸಿದರು. ಸದಸ್ಯರೂ ಅವರ ಮುಖ ನೋಡಿ ಜಗಳ ಕೈಬಿಟ್ಟರು, ನಂಟು ಎಂಬ ಆ ಮೂರನೇ ಪಾಲಿಗೆ ಇರುವ ಬೆಲೆ ಅಷ್ಟು. ಈಗ ಸಾಫ್ಟ್‌ವೇರಿನಲ್ಲಿ ಮನೆ ಹೆಸರು, ಹಿಸೆಯಾದ ವರ್ಷ ಎಂಬ ಎರಡು ಕಾಲಂ ಇವೆ, ಯಾಕೆ ಇವೆ ಅಂತ ಕೋಡಿನಲ್ಲೇ ಬರೆಸಿದ್ದಾರೆ. ಗುಮಾಸ್ತರಿಗೆ ಕೊಟ್ಟ ಗೌರವಧನವನ್ನು ಮಾತ್ರ 'ಇತರೆ ಖರ್ಚು' ಅಂತ ತೋರಿಸಿದ್ದಾರೆ.