ಗೋಡೆ ಮೇಲೆ ಇನ್ಸುಲಿನ್

1950ರ ದಶಕದ ಪರದೆ, ಗಡಿಯಾರ, ಕುರ್ಚಿಗಳ ಫೋಟೋ ನೋಡಿದರೆ ಎಲ್ಲೆಲ್ಲೂ ಪರಮಾಣುವಿನ ಹುಚ್ಚು. ಕಡ್ಡಿ, ಕಡ್ಡಿಯ ತುದಿಗೊಂದು ಗುಂಡು, ಅದಕ್ಕೆ ಅಟಾಮಿಕ್ ಸ್ಟೈಲ್ ಅಂತ ಹೆಸರು. ಬಹುಪಾಲು ಸುಮ್ನೆ ಅಲಂಕಾರ, ವಿಜ್ಞಾನ ಏನೂ ಇಲ್ಲ. ಆದರೆ 1951ರಲ್ಲಿ ಲಂಡನ್ನಿನ ಫೆಸ್ಟಿವಲ್ ಆಫ್ ಬ್ರಿಟನ್ ಅನ್ನುವ ದೊಡ್ಡ ಪ್ರದರ್ಶನಕ್ಕೆಂದು ತಯಾರಾದ ಒಂದಷ್ಟು ಬಟ್ಟೆ, ವಾಲ್‌ಪೇಪರ್, ಕಾರ್ಪೆಟ್, ಲೇಸ್‌ಗಳ ಕಥೆ ಬೇರೆ. ಅವುಗಳ ಚಿತ್ತಾರ ಬಂದಿದ್ದು ನೇರವಾಗಿ ಲ್ಯಾಬಿನಿಂದ.

ಇದರ ಹಿಂದಿದ್ದವರು ಕೇಂಬ್ರಿಜ್‌ನ ಹರಳುವಿಜ್ಞಾನಿ, ಅಂದರೆ ಹರಳಿನೊಳಗೆ ಪರಮಾಣುಗಳ ಜೋಡಣೆ ಹೇಗಿದೆ ಅಂತ ಹುಡುಕುವ, ಹೆಲೆನ್ ಮೆಗಾ. ಹರಳಿನ ಮೂಲಕ ಎಕ್ಸ್-ರೇ ಹಾಯಿಸಿದರೆ ಕಿರಣಗಳು ಚದುರಿ ಫಿಲ್ಮಿನ ಮೇಲೆ ಚುಕ್ಕೆಗಳು ಮೂಡುತ್ತವೆ. ಯಾವ ಚುಕ್ಕೆ ಎಷ್ಟು ದಟ್ಟ ಅಂತ ಅಳೆದು, ಉದ್ದುದ್ದ ಲೆಕ್ಕ ಹಾಕಿ, ಎಲೆಕ್ಟ್ರಾನ್‌ಗಳು ಎಲ್ಲಿ ಜಾಸ್ತಿ ಎಲ್ಲಿ ಕಡಿಮೆ ಅನ್ನೋದನ್ನ ಭೂಪಟದಲ್ಲಿ ಬೆಟ್ಟ ತೋರಿಸುವ ಸುತ್ತುಗೆರೆಗಳ ಹಾಗೆ ಕಾಗದಕ್ಕೆ ಇಳಿಸುತ್ತಾರೆ. ಎಲೆಕ್ಟ್ರಾನ್ ಒತ್ತಾಗಿರುವ ಗುಡ್ಡ ಇದ್ದಲ್ಲಿ ಪರಮಾಣು ಇದೆ ಅಂತ ಅರ್ಥ. ಹರಳಿನಲ್ಲಿ ಒಂದೇ ಜೋಡಣೆ ಎಲ್ಲ ದಿಕ್ಕಿಗೂ ಮತ್ತೆ ಮತ್ತೆ ಬರುತ್ತದೆ. ಅಚ್ಚಿನ ಬಟ್ಟೆಗೂ ಬೇಕಾದದ್ದು ಅದೇ ಅಲ್ವಾ? ಒಂದು ಅಚ್ಚು ಮುಗಿದಲ್ಲಿ ಮುಂದಿನದು ಗೊತ್ತಾಗದಂತೆ ಕೂಡಿಕೊಳ್ಳಬೇಕು. ಡಿಸೈನರ್ ತಲೆಕೆಡಿಸಿಕೊಳ್ಳುವ ಆ ಕೆಲಸ ಇಲ್ಲಿ ಮೊದಲೇ ಆಗಿಹೋಗಿತ್ತು.

ಈ ನಕ್ಷೆಗಳನ್ನೇ ಚಿತ್ತಾರವಾಗಿ ಬಳಸಬಹುದು ಅಂತ ಹೆಲೆನ್ ಹೇಳಿದ್ದು 1946ರಲ್ಲೇ. ಆಮೇಲೆ ಕಾರ್ಖಾನೆಗಳಲ್ಲಿ ಒಳ್ಳೆ ವಿನ್ಯಾಸಕ್ಕಾಗಿ ಇದ್ದ ಸರ್ಕಾರಿ ಸಂಸ್ಥೆ ಕೌನ್ಸಿಲ್ ಆಫ್ ಇಂಡಸ್ಟ್ರಿಯಲ್ ಡಿಸೈನ್‌ನ ಮಾರ್ಕ್ ಹಾರ್ಟ್‌ಲ್ಯಾಂಡ್ ಥಾಮಸ್ ಅದನ್ನು ಕೈಗೆತ್ತಿಕೊಂಡು ಕಾರ್ಖಾನೆಗಳನ್ನು ಒಟ್ಟುಗೂಡಿಸಿದರು. ಹರಳುವಿಜ್ಞಾನಿಗಳೇ ಆದ ಮ್ಯಾಕ್ಸ್ ಪೆರುಟ್ಜ್ ರಕ್ತದ ಪ್ರೋಟೀನು ಹಿಮೋಗ್ಲೋಬಿನ್ ನಕ್ಷೆ ಕೊಟ್ಟರು, ಡೊರೊಥಿ ಹಾಡ್ಜ್‌ಕಿನ್ ಇನ್ಸುಲಿನ್ನಿನದು. ಇಬ್ಬರಿಗೂ ಮುಂದೆ ನೊಬೆಲ್ ಬಂತು. ಬಣ್ಣ ಯಾವುದು, ಗಾತ್ರ ಎಷ್ಟು ಅನ್ನೋದು ಕಾರ್ಖಾನೆಯವರಿಗೆ ಬಿಟ್ಟದ್ದು. ನಕ್ಷೆಗಳ ವಿಷಯದಲ್ಲಿ ಸಲಹೆ ಕೊಡುವ ವಿಜ್ಞಾನಿ ಹೆಲೆನ್ ಅವರೇ. ಥೇಮ್ಸ್ ದಂಡೆಯ ರೆಗಟ್ಟಾ ರೆಸ್ಟೋರೆಂಟನ್ನು ಇಂಥ ಚಿತ್ತಾರಗಳಿಂದಲೇ ಸಿಂಗರಿಸಿದ್ದರು. ರಕ್ತದ ಪ್ರೋಟೀನು ಲೇಸ್ ಆಗುತ್ತೆ ಅಂತ ಯಾರು ಅಂದುಕೊಂಡಿದ್ದರು ಹೇಳಿ!

ನನಗೆ ಎಲ್ಲಕ್ಕಿಂತ ಇಷ್ಟವಾಗೋದು ಇನ್ಸುಲಿನ್ ವಾಲ್‌ಪೇಪರ್. ಇದರಲ್ಲೊಂದು ಸೂಕ್ಷ್ಮ ಇದೆ. ಅದರ ಗೆರೆಗಳು ಬಂದಿದ್ದು ಪ್ಯಾಟರ್ಸನ್ ನಕ್ಷೆ ಅನ್ನುವ ಬೇರೊಂದು ಬಗೆಯ ನಕ್ಷೆಯಿಂದ. ಅದರಲ್ಲಿ ಕಾಣುವ ಗುಡ್ಡಗಳು ಪರಮಾಣುಗಳು ಇರುವ ಜಾಗ ಅಲ್ಲ. ಎರಡೆರಡು ಪರಮಾಣುಗಳ ನಡುವೆ ಎಷ್ಟು ದೂರ, ಯಾವ ದಿಕ್ಕು ಅನ್ನೋದನ್ನಷ್ಟೇ ಅವು ಹೇಳುತ್ತವೆ. ಸಣ್ಣ ಅಣುವಾದರೆ ಅಷ್ಟರಿಂದಲೇ ರಚನೆ ಊಹಿಸಬಹುದು. ಇನ್ಸುಲಿನ್ನಿನಲ್ಲಿ ನೂರಾರು ಪರಮಾಣುಗಳು, ದೂರಗಳೆಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗಿರುತ್ತವೆ. ಹಾಗಾಗಿ ವಾಲ್‌ಪೇಪರ್ ಬಂದಾಗ ಇನ್ಸುಲಿನ್ ಹೇಗಿದೆ ಅಂತ ಹಾಡ್ಜ್‌ಕಿನ್‌ಗೂ ಗೊತ್ತಿರಲಿಲ್ಲ. ಅವರ ತಂಡ ಆ ರಚನೆಯನ್ನು ಕಂಡುಹಿಡಿದದ್ದು 1969ರಲ್ಲಿ.