ಎತ್ತರಕ್ಕಿಂತ ಮಾರು: ಎನ್‌ಬಿಎ ಡ್ರಾಫ್ಟ್‌ನ ಲೆಕ್ಕಾಚಾರ

ಕಬಡ್ಡಿ ಹರಾಜು ನೋಡಿ ಅಭ್ಯಾಸವಿರುವ ಕುಂಬಳೆ, ಮಂಜೇಶ್ವರದವರಿಗೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಡ್ರಾಫ್ಟ್ ಹೊಸದೆನಿಸಬಹುದು. ಅಲ್ಲಿ ದುಡ್ಡು ಕೂಗುವುದಿಲ್ಲ. ಸರದಿ ಬಂದಾಗ ತಂಡ ಒಬ್ಬ ಹೊಸ ಹುಡುಗನ ಹೆಸರು ಹೇಳಬೇಕು. 1947ರಿಂದಲೂ ಮೂಲ ತತ್ವ ಒಂದೇ: ಹೆಚ್ಚು ಸೋತವರಿಗೆ ಮೊದಲ ಸರದಿ. ಬೇಕೆಂದೇ ಸೋಲುತ್ತಾರೆಂಬ ಅನುಮಾನ ಬಲವಾದಾಗ, 1985ರಲ್ಲಿ ಸರದಿ ನಿರ್ಧರಿಸಲು ಲಾಟರಿ ತಂದರು. 2019ರಲ್ಲಿ ಕೊನೆಯ ಮೂರು ತಂಡಗಳಿಗೆ ಮೊದಲ ಆಯ್ಕೆಯ ಅವಕಾಶವನ್ನು ತಲಾ ಶೇ. 14ಕ್ಕೆ ಸಮ ಮಾಡಿದರು.

ಸರದಿ ಸಿಕ್ಕರಾಯಿತೇ? 1984ರಲ್ಲಿ ಪೋರ್ಟ್‌ಲ್ಯಾಂಡ್ ತಂಡಕ್ಕೆ ಸಿಕ್ಕಿದ್ದು ಎರಡನೆಯದು. ಮುಂದೆ ದಂತಕಥೆಯಾದ ಮೈಕೇಲ್ ಜೋರ್ಡನ್ ಇನ್ನೂ ಉಳಿದಿದ್ದರು. ಆದರೆ ಅದೇ ಜಾಗದಲ್ಲಿ ಆಡುವ ಕ್ಲೈಡ್ ಡ್ರೆಕ್ಸ್ಲರ್ ತಂಡದಲ್ಲಿದ್ದುದರಿಂದ ಸೆಂಟರ್ (ರಿಂಗ್ ಬಳಿ ಆಡುವ ಎತ್ತರದ ಆಟಗಾರ) ಬೇಕೆಂದು ಸ್ಯಾಮ್ ಬೋವಿಯನ್ನು ಆರಿಸಿದರು. ಮೊಣಕಾಲ ಕೆಳಗಿನ ಮೂಳೆ ಮುರಿದು ಕಾಲೇಜಿನಲ್ಲೇ ಎರಡು ಸೀಸನ್ ಕಳೆದುಕೊಂಡಿದ್ದ ಹುಡುಗ. ಮುಂದೆಯೂ ಕಾಲು ಕೈಕೊಟ್ಟಿತು. ಜೋರ್ಡನ್ ಮೂರನೆಯವರಾಗಿ ಶಿಕಾಗೋಗೆ ಹೋದರು. 2007ರಲ್ಲಿ ಅದೇ ಪೋರ್ಟ್‌ಲ್ಯಾಂಡ್, ಮುಂದೆ ಲೀಗಿನ ದೊಡ್ಡ ಆಟಗಾರರಲ್ಲಿ ಒಬ್ಬರಾದ ಕೆವಿನ್ ಡ್ಯುರಾಂಟ್‌ರನ್ನು ಬಿಟ್ಟು ಗ್ರೆಗ್ ಓಡನ್‌ರನ್ನು ಮೊದಲಿಗರಾಗಿ ತೆಗೆದುಕೊಂಡಿತು. ಮಂಡಿನೋವಿನಿಂದ ಓಡನ್ ಎನ್‌ಬಿಎಯಲ್ಲಿ ಆಡಿದ್ದು ಒಟ್ಟು 105 ಪಂದ್ಯ. ನಮ್ಮ ತಂಡದ ಈ ವರ್ಷದ ಕೊರತೆ ನೋಡಿ ಹತ್ತು ವರ್ಷದ ಆಟಗಾರನನ್ನು ಆರಿಸಬಾರದು ಎಂಬುದಕ್ಕೆ ಬೋವಿ ಆಯ್ಕೆಗಿಂತ ದೊಡ್ಡ ಉದಾಹರಣೆ ಬೇಡ.

ಇದೇ ಡ್ಯುರಾಂಟ್‌ಗೆ 2007ರ ಡ್ರಾಫ್ಟ್‌ಗೆ ಮುಂಚಿನ ದೇಹಬಲದ ಪರೀಕ್ಷೆಯಲ್ಲಿ ಸುಮಾರು 84 ಕಿಲೋ ಭಾರವನ್ನು ಮಲಗಿ ಒಮ್ಮೆಯೂ ಎತ್ತಲಾಗಲಿಲ್ಲ. ಹಾಗೆಂದು ಅಳತೆಯೇ ವ್ಯರ್ಥವಲ್ಲ, ಯಾವುದನ್ನು ಅಳೆಯಬೇಕು ಎಂಬುದೇ ಪ್ರಶ್ನೆ. ಬಾವಿಹಗ್ಗ ಅಳೆಯಲು ನಾವು ಎರಡೂ ಕೈ ಚಾಚಿ ಹಿಡಿಯುವ ಮಾರು ಇದೆಯಲ್ಲ, ಆಯ್ಕೆಗಾರರು ಎತ್ತರದಷ್ಟೇ ಜಾಗ್ರತೆಯಿಂದ ನೋಡುವುದು ಅದನ್ನೇ. 2011ರಲ್ಲಿ 15ನೆಯವರಾಗಿ ಆಯ್ಕೆಯಾದ ಕವೈ ಲೆನರ್ಡ್ ಬರಿಗಾಲಲ್ಲಿ 6 ಅಡಿ 6 ಇಂಚು, ಮಾರು 7 ಅಡಿ 3 ಇಂಚು. ದೂರದ ಎಸೆತ ಆಗ ಕಳಪೆ. ಸ್ಯಾನ್ ಆಂಟೋನಿಯೋ ತಂಡದಲ್ಲಿ ಅದನ್ನು ತಿದ್ದಿದರು. ಎಸೆತ ಕಲಿಸಬಹುದು, ತೋಳು ಉದ್ದ ಮಾಡಲಾಗದು.

ಉಪ್ಪಳದಲ್ಲೋ ಬದಿಯಡ್ಕದಲ್ಲೋ ಶಾಲಾ ತಂಡ ಕಟ್ಟುವ ಪಿ.ಟಿ. ಮಾಷ್ಟ್ರಿಗೂ ಇದು ಸಾಧ್ಯ. ಶೂ ಕಳಚಿಸಿ, ಅದೊಂದೇ ಇಂಚಿಗೂ ಹೆಚ್ಚು ಸುಳ್ಳು ಹೇಳುತ್ತದೆ. ಬೆನ್ನು ಗೋಡೆಗೆ ತಾಗಿಸಿ, ತೋಳುಗಳನ್ನು ಭುಜದ ಮಟ್ಟಕ್ಕೆ ಚಾಚಿಸಿ, ಎರಡು ನಡುಬೆರಳ ತುದಿಗೂ ಸೀಮೆಸುಣ್ಣದ ಗುರುತು ಹಾಕಿ. ಭುಜ ಮುಂದಕ್ಕೆ ಬಾಗಿದರೆ ಅಳತೆ ತಪ್ಪುತ್ತದೆ. ಬಳಿಕ ಹಿಮ್ಮಡಿ ಎತ್ತದೆ ಕೈ ಮೇಲೆತ್ತಿಸಿ ಮತ್ತೊಂದು ಗುರುತು. ರಿಂಗ್ ಇರುವುದು 305 ಸೆಂ.ಮೀ. ಎತ್ತರದಲ್ಲಿ; ಅಲ್ಲಿಗೆ ಎಷ್ಟು ಜಿಗಿಯಬೇಕೆಂದು ಆ ಗುರುತೇ ತೋರಿಸುತ್ತದೆ.